ಛಾವಣಿಗೆ ಹೊಸ ದೀಪ ಹಾಕುವ ಮುನ್ನ

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಣ್ಣ ಆಗುತ್ತದೆ. ಗೋಡೆ ಹೊಸದಾದ ಕೂಡಲೇ, ನಡುಮನೆಯ ಛಾವಣಿಯಿಂದ ಇಪ್ಪತ್ತು ವರ್ಷಗಳಿಂದ ಜೋತಾಡುತ್ತಿರುವ ಕಂದು ಬಣ್ಣದ ಬೇಕಲೈಟ್ ಹೋಲ್ಡರ್ ಮನೆಯೊಡತಿಯ ಕಣ್ಣಿಗೆ ಚುಚ್ಚತೊಡಗುತ್ತದೆ. ಪೇಟೆಯಿಂದ ಹೊಸ ದೀಪದ ಡಬ್ಬ ಬರುತ್ತದೆ. ಹಾಕುವವರು ಯಾರು? ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ ‘ಒಂದು ಲೈಟಿಗೆಲ್ಲ ಬರೋಕಾಗಲ್ಲ ಸ್ವಾಮಿ, ಇನ್ನೊಂದೆರಡು ಕೆಲಸ ಸೇರಿಸಿ ಇಟ್ಕೊಳ್ಳಿ’ ಎನ್ನುತ್ತಾನೆ. ಅಷ್ಟರಲ್ಲಿ ಪಿಯುಸಿ ಓದುವ ಮಗನೋ ಮಗಳೋ ‘ನಾನೇ ಹಾಕ್ತೀನಿ ಬಿಡಪ್ಪ, ಎರಡು ವೈರು, ಎರಡು ಸ್ಕ್ರೂ’ ಎಂದು ಸ್ಟೂಲು ಎಳೆದಾಗಿರುತ್ತದೆ.

ಇಲ್ಲಿ ತಂದೆತಾಯಿಯರಲ್ಲಿ ಎರಡು ಪಂಗಡ. ಒಂದು ಪಂಗಡ ‘ಕರೆಂಟಿನ ಸಹವಾಸ ಬೇಡ, ಇಳಿ ಕೆಳಗೆ’ ಎಂದು ಗದರುತ್ತದೆ. ಇನ್ನೊಂದು ಪಂಗಡ ಮಗುವಿನ ಧೈರ್ಯಕ್ಕೆ ಹಿಗ್ಗಿ ಕೈಗೆ ಟೆಸ್ಟರ್ ಕೊಡುತ್ತದೆ. ಮೊದಲನೆಯವರ ಮಕ್ಕಳು ಹತ್ತನೆಯ ತರಗತಿಯಲ್ಲಿ ಮನೆಯ ವಿದ್ಯುತ್ ಮಂಡಲದ ಚಿತ್ರವನ್ನು ಅಂದವಾಗಿ ಬರೆದು ಪೂರ್ತಿ ಅಂಕ ತೆಗೆದುಕೊಂಡರೂ, ತಮ್ಮ ಮನೆಯ ಮೇನ್ ಎಲ್ಲಿದೆ ಎಂದು ತಿಳಿಯದೆ ಬೆಳೆಯುತ್ತಾರೆ. ಎರಡನೆಯವರ ಮಕ್ಕಳದು ಇನ್ನೂ ಕಷ್ಟದ ಕಥೆ.

ಮಗು ಹೇಳಿದ್ದು ಸುಳ್ಳಲ್ಲ; ಎರಡು ವೈರು, ಎರಡು ಸ್ಕ್ರೂ, ಅಷ್ಟೇ. ದೀಪವನ್ನು ಜೋಡಿಸುವುದು ಹತ್ತು ನಿಮಿಷದ ಕೆಲಸ. ಕಷ್ಟ ಇರುವುದು ಅದಕ್ಕೆ ಮೊದಲು. ಛಾವಣಿಯ ತೂತಿನಿಂದ ಹೊರಬಂದ ಆ ಎರಡು ವೈರುಗಳಲ್ಲಿ ಈಗ ಕರೆಂಟು ಇಲ್ಲ ಎಂದು ಖಚಿತವಾಗಿ ತಿಳಿಯುವುದು ಹೇಗೆ? ‘ಸ್ವಿಚ್ ಆಫ್ ಮಾಡಿದ್ದೇನಲ್ಲ’ ಎಂಬ ಉತ್ತರ ಸಾಲದು. ‘ಮೇನ್ ಆಫ್ ಮಾಡಿದ್ದೇನಲ್ಲ’ ಎಂಬ ಉತ್ತರವೂ ಇಂದಿನ ಮನೆಗಳಲ್ಲಿ ಸಾಲದು. ಏಕೆ ಸಾಲದು ಎಂಬುದನ್ನೇ ಈ ಲೇಖನದಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಯಾವುದು ನಮ್ಮ ಕೆಲಸ, ಯಾವುದು ಅಲ್ಲ

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿತ್ತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ದೀಪದ ಫಿಟ್ಟಿಂಗು ಇವುಗಳನ್ನು, ಇರುವ ವ್ಯವಸ್ಥೆಯ ಸಾಮರ್ಥ್ಯವೂ ಸ್ವರೂಪವೂ ಬದಲಾಗದ ಹಾಗೆ, ಬರಿದೇ ಬದಲಾಯಿಸಬಹುದು. ಅದಕ್ಕಿಂತ ಹೆಚ್ಚಿನ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಆ ಹಳೆಯ ನಿಯಮಗಳ ಜಾಗಕ್ಕೆ ಹೊಸ ಸುರಕ್ಷತಾ ನಿಯಮಗಳನ್ನು ತಂದಾಗಲೂ ಈ ಗೆರೆ ಅಳಿಯಲಿಲ್ಲ.

ಗೆರೆ ಬುದ್ಧಿವಂತಿಕೆಯದೇ. ಹಳೆಯ ಹೋಲ್ಡರ್ ಬಿಚ್ಚಿ ಅದೇ ಜಾಗಕ್ಕೆ, ಅದೇ ವೈರಿಗೆ ಹೊಸ ಎಲ್‌ಇಡಿ ದೀಪ ಹಾಕುವುದು ಬದಲಾವಣೆ. ದೀಪವಿಲ್ಲದ ಕಡೆಗೆ ಹೊಸದಾಗಿ ವೈರು ಎಳೆಯುವುದು, ಹೊಸ ಸ್ವಿಚ್ ಪಾಯಿಂಟ್ ಮಾಡುವುದು, ಬಚ್ಚಲಿನಲ್ಲಿ ದೀಪ ಸೇರಿಸುವುದು ವೈರ್‌ಮನ್ನನ ಕೆಲಸ. ಹಾಗೆಯೇ, ಹೋಲ್ಡರ್ ಬಿಚ್ಚಿದಾಗ ಒಳಗಿನ ವೈರಿನ ಹೊದಿಕೆ ಬಿಸ್ಕತ್ತಿನಂತೆ ಪುಡಿಯಾಗಿ ಉದುರಿದರೆ, ಅಥವಾ ವೈರು ಬೆಳ್ಳಗೆ ಹೊಳೆದು ಅಲ್ಯೂಮಿನಿಯಂ ಎಂದು ತೋರಿದರೆ, ಅಲ್ಲಿಗೇ ನಿಲ್ಲಿಸಬೇಕು. ಮರದ ಪಟ್ಟಿಯ ಮೇಲೆ ವೈರು ಓಡಿಸಿದ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಅಲ್ಯೂಮಿನಿಯಂ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ತಾಮ್ರಕ್ಕೆ ಹೊಸೆದು ಕಟ್ಟಿದರೆ ಕಾಲಕ್ರಮದಲ್ಲಿ ಆ ಗಂಟು ಕೆಟ್ಟು ಬಿಸಿಯಾಗುತ್ತದೆ. ಅಂಥ ಮನೆಗೆ ಬೇಕಿರುವುದು ಹೊಸ ದೀಪವಲ್ಲ, ಹೊಸ ವೈರಿಂಗು.

ಇನ್ನೊಂದು ಮಾತು. ಈ ಲೇಖನವನ್ನು ಓದುವ ವಿದ್ಯಾರ್ಥಿಗಳು ಹದಿನೆಂಟು ತುಂಬುವವರೆಗೆ ಕೆಳಗೆ ನಿಂತು ಸ್ಕ್ರೂಡ್ರೈವರ್ ಕೊಡುವ, ಮೇನ್ ಬೋರ್ಡಿನ ಬಳಿ ಕಾವಲು ಕಾಯುವ ಕೆಲಸ ಮಾಡಲಿ. ಅದು ಚಿಕ್ಕ ಕೆಲಸವೇನಲ್ಲ.

ಫೇಸಿನಲ್ಲಿ ಸ್ವಿಚ್ಚು, ನ್ಯೂಟ್ರಲ್‌ನಲ್ಲಿ ಸ್ವಿಚ್ಚು

ಪಾಠದ ಪುಸ್ತಕ ‘ಸಜೀವ ತಂತಿ’, ‘ತಟಸ್ಥ ತಂತಿ’, ‘ಭೂಸಂಪರ್ಕ ತಂತಿ’ ಎನ್ನುತ್ತದೆ. ವೈರ್‌ಮನ್ ಫೇಸ್, ನ್ಯೂಟ್ರಲ್, ಅರ್ತ್ ಎನ್ನುತ್ತಾನೆ. ಎರಡೂ ಒಂದೇ. ಪುಸ್ತಕದಲ್ಲಿ 220 ವೋಲ್ಟ್ ಎಂದಿರುತ್ತದೆ, ದೀಪದ ಡಬ್ಬದ ಮೇಲೆ ಬಹಳ ಕಡೆ 230 ಎಂದಿರುತ್ತದೆ. ಆ ಹತ್ತು ವೋಲ್ಟಿಗಾಗಿ ಜಗಳ ಬೇಡ. ಆದರೆ ಪುಸ್ತಕದ ಚಿತ್ರ ಹೇಳದ ಒಂದು ಸಂಗತಿ ಇದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ ತಂತಿಯನ್ನು ನೆಲಕ್ಕೆ ಸೇರಿಸಿರುತ್ತಾರೆ. ಅಂದರೆ ನಾವು ನಿಂತ ನೆಲವೇ ಮಂಡಲದ ಅರ್ಧ ಭಾಗ. ಉಳಿದ ಅರ್ಧವನ್ನು ಪೂರ್ತಿ ಮಾಡಲು ಒಂದು ಬೆರಳು ಫೇಸಿಗೆ ತಗುಲಿದರೆ ಸಾಕು. ‘ಸರ್, ಎರಡೂ ವೈರು ಒಟ್ಟಿಗೆ ಮುಟ್ಟಿದ್ರೆ ಮಾತ್ರ ಶಾಕ್ ಅಲ್ವಾ?’ ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ. ಅಲ್ಲ. ಎರಡನೆಯ ವೈರಿನ ಮೇಲೆ ನೀನು ಹುಟ್ಟಿದಾಗಿನಿಂದ ನಿಂತೇ ಇದ್ದೀಯಪ್ಪ.

ಈಗ ಸ್ವಿಚ್ಚಿನ ವಿಷಯಕ್ಕೆ ಬರೋಣ. ಸ್ವಿಚ್ಚು ಇರಬೇಕಾದದ್ದು ಫೇಸ್ ತಂತಿಯಲ್ಲಿ. ಆಗ ಸ್ವಿಚ್ ಆರಿಸಿದರೆ ಕರೆಂಟು ಸ್ವಿಚ್ ಬೋರ್ಡಿನಲ್ಲೇ ನಿಲ್ಲುತ್ತದೆ. ಛಾವಣಿಯ ಹೋಲ್ಡರಿಗೆ ಬರುವುದಿಲ್ಲ. ಆದರೆ ವೈರಿಂಗ್ ಮಾಡಿದವರು ಅವಸರದಲ್ಲಿ ಅದಲು ಬದಲು ಮಾಡಿ ಸ್ವಿಚ್ಚನ್ನು ನ್ಯೂಟ್ರಲ್‌ನಲ್ಲಿ ಕೂರಿಸಿದ್ದರೆ? ದೀಪಕ್ಕೆ ಏನೂ ವ್ಯತ್ಯಾಸವಿಲ್ಲ. ಸ್ವಿಚ್ ಒತ್ತಿದರೆ ಉರಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಮನೆಯವರು ಮೂವತ್ತು ವರ್ಷ ಅದನ್ನೇ ಬಳಸಿಕೊಂಡು ಸುಖವಾಗಿರುತ್ತಾರೆ. ದೀಪ ಆರಿರುವಾಗಲೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದು ಕುಳಿತಿರುತ್ತದೆ, ಅಷ್ಟೇ. ಬಲ್ಬು ಬದಲಿಸುವಾಗ ಬೆರಳು ಒಳಗಿನ ಪಿನ್ನಿಗೆ ತಗುಲಿದ ದಿನ ಗೊತ್ತಾಗುತ್ತದೆ. ‘ಸ್ವಿಚ್ ಆಫ್ ಮಾಡಿದ್ದೆ ಸರ್, ಆದ್ರೂ ಜುಮ್ ಅಂತು’ ಎಂದು ಹೇಳುವವರೆಲ್ಲ ಸುಳ್ಳುಗಾರರಲ್ಲ.

ಎಲ್‌ಇಡಿ ಬಲ್ಬು ಬಂದ ಮೇಲೆ ಇದನ್ನು ಪತ್ತೆ ಹಚ್ಚಲು ಒಂದು ಸುಳಿವು ಸಿಕ್ಕಿದೆ. ಕೆಲವು ಮನೆಗಳಲ್ಲಿ ರಾತ್ರಿ ದೀಪ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣುಕುಹುಳದಂತೆ ಮಂಕಾಗಿ ಹೊಳೆಯುತ್ತಿರುತ್ತದೆ. ಅಜ್ಜಿಯರು ಇದಕ್ಕೆ ಬೇರೆ ಅರ್ಥ ಕಟ್ಟಿಯಾರು, ಕಾರಣ ಭೌತಶಾಸ್ತ್ರದ್ದು. ಸ್ವಿಚ್ಚು ನ್ಯೂಟ್ರಲ್‌ನಲ್ಲಿದ್ದರೆ ಬಲ್ಬು ಸದಾ ಫೇಸಿಗೆ ಅಂಟಿಕೊಂಡಿರುತ್ತದೆ. ಪರ್ಯಾಯ ವಿದ್ಯುತ್ತಿಗೆ ಪೂರ್ತಿ ಮಂಡಲವೇ ಬೇಕೆಂದಿಲ್ಲ. ಪಕ್ಕದ ವೈರು, ಗೋಡೆ, ನೆಲ ಇವೆಲ್ಲ ಒಂದು ಸಣ್ಣ ಕೆಪಾಸಿಟರ್‌ನಂತೆ ವರ್ತಿಸಿ ಅತ್ಯಲ್ಪ ಪ್ರವಾಹಕ್ಕೆ ದಾರಿ ಕೊಡುತ್ತವೆ. ಹಳೆಯ ತಂತಿ ಬಲ್ಬಿಗೆ ಅಷ್ಟು ಪ್ರವಾಹ ಲೆಕ್ಕಕ್ಕೇ ಇಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ಹಾಗೆಂದು ಮಿಣುಕುವ ದೀಪವೆಲ್ಲ ಇದೇ ದೋಷದ್ದಲ್ಲ. ಸ್ವಿಚ್ಚಿನಲ್ಲೇ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಪ್ರವಾಹ ಸೋರುತ್ತದೆ. ಮೆಟ್ಟಿಲ ದೀಪದ ಎರಡು ಸ್ವಿಚ್ಚಿನ ವೈರಿಂಗ್‌ನಲ್ಲಿ ಉದ್ದಕ್ಕೆ ಜೊತೆಯಾಗಿ ಓಡುವ ವೈರುಗಳಿಂದಲೂ ಹೀಗಾಗುತ್ತದೆ. ಆದರೆ ಇಂಡಿಕೇಟರ್ ಇಲ್ಲದ ಒಂಟಿ ಸ್ವಿಚ್ಚಿನ ದೀಪ ಮಿಣುಕಿದರೆ ವೈರ್‌ಮನ್ನನ್ನು ಕರೆಸಿ ‘ಸ್ವಿಚ್ಚು ಫೇಸಿನಲ್ಲಿದೆಯೇ ನೋಡಪ್ಪ’ ಎಂದು ಕೇಳುವುದು ಒಳ್ಳೆಯದು.

ನಲವತ್ತು ವಾಟಿನ ಲೆಕ್ಕ

‘ಬರೀ ಲೈಟಿನ ಕರೆಂಟು, ಗೀಸರಿನದಲ್ಲವಲ್ಲ’ ಎಂಬ ಮಾತನ್ನು ತಿಳಿದವರೂ ಆಡುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಹಳೆಯ 40 ವಾಟ್ ಬಲ್ಬು 230 ವೋಲ್ಟಿನಲ್ಲಿ ಎಳೆಯುವ ಪ್ರವಾಹ 40 ಭಾಗಿಸು 230, ಅಂದರೆ ಸುಮಾರು 0.17 ಆಂಪಿಯರ್, 170 ಮಿಲಿ ಆಂಪಿಯರ್ ಎಂದುಕೊಳ್ಳಿ. ಈಗ ನಮ್ಮ ದೇಹ. ಒಂದು ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಜುಮ್ಮೆನ್ನುತ್ತದೆ. ಹತ್ತರ ಆಚೀಚೆ ಕೈಯ ಸ್ನಾಯುಗಳು ಬಿಗಿದು, ಹಿಡಿದ ವೈರನ್ನು ಬಿಡಲಾಗುವುದಿಲ್ಲ. ಮೂವತ್ತು ದಾಟಿದ ಪ್ರವಾಹ ಎದೆಯನ್ನು ಹಾದು ಸ್ವಲ್ಪ ಹೊತ್ತು ಹರಿದರೆ ಉಸಿರಾಟಕ್ಕೆ, ಹೃದಯದ ಬಡಿತಕ್ಕೆ ಅಪಾಯ. ಒದ್ದೆ ಕೈ, ಬರಿಗಾಲಿನ ದೇಹದ ರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. ಓಮನ ನಿಯಮದಂತೆ 230 ವೋಲ್ಟ್ ಭಾಗಿಸು 1000 ಓಮ್: 230 ಮಿಲಿ ಆಂಪಿಯರ್. ನಲವತ್ತು ವಾಟಿನ ಬಡ ಬಲ್ಬನ್ನು ಉರಿಸುವುದಕ್ಕಿಂತಲೂ ಸ್ವಲ್ಪ ಹೆಚ್ಚು, ಮನುಷ್ಯನನ್ನು ಕೊಲ್ಲಲು ಬೇಕಾದ್ದಕ್ಕಿಂತ ಬಹಳ ಹೆಚ್ಚು.

ಈ ಲೆಕ್ಕದ ಮುಂದಿನ ಸಾಲು ಇನ್ನೂ ಮುಖ್ಯ. ದೀಪದ ಲೈನಿಗೆ ಸಾಮಾನ್ಯವಾಗಿ 6 ಆಂಪಿಯರಿನ ಎಂಸಿಬಿ ಇರುತ್ತದೆ. ಅದು ಕಾಯುತ್ತಿರುವುದು 6 ಆಂಪಿಯರ್ ಮೀರುವುದನ್ನು. ನಿಮ್ಮ ಮೈಮೂಲಕ 0.23 ಆಂಪಿಯರ್ ಹರಿದರೆ ಅದರ ಪಾಲಿಗೆ ಮನೆಯಲ್ಲಿ ಇನ್ನೊಂದು ಬಲ್ಬು ಉರಿಯಿತು, ಅಷ್ಟೇ, ಬೀಳುವುದಿಲ್ಲ. ಹಳೆಯ ಪಿಂಗಾಣಿ ಫ್ಯೂಸೂ ಹಾಗೆಯೇ. ಅವೆರಡೂ ಇರುವುದು ವೈರನ್ನು ಕಾಯಲು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಪೆಟ್ಟಿಗೆ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬರುತ್ತಿದೆಯೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಎಲ್ಲೋ ಸೋರಿ ನೆಲ ಸೇರಿತೆಂದರೆ 0.3 ಸೆಕೆಂಡಿನೊಳಗೆ ಸಂಪರ್ಕ ಕಡಿಯುತ್ತದೆ. ಅದರ ಮೇಲೆ ‘ಟಿ’ ಎಂಬ ಅಕ್ಷರದ ಒಂದು ಗುಂಡಿ ಇರುತ್ತದೆ; ಆಗಾಗ ಒತ್ತಿ, ಟಪ್ಪನೆ ಬೀಳುತ್ತದೆಯೇ ಎಂದು ನೋಡಬೇಕು. ಮನೆ ಕಟ್ಟುವಾಗ ಗ್ರಾನೈಟಿಗೆ ಲಕ್ಷ ಸುರಿಯುವವರು ಈ ಪೆಟ್ಟಿಗೆಯನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟುಬಿಡುವುದು ನನಗೆ ಇಂದಿಗೂ ಅರ್ಥವಾಗದ ಲೆಕ್ಕ. ಆದರೆ ಇದನ್ನೂ ಅತಿಯಾಗಿ ನಂಬಬಾರದು. ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲಿಗೂ ತಗುಲಿ, ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದೀರಿ ಎನ್ನಿ. ಹೋದ ಪ್ರವಾಹವೆಲ್ಲ ನಿಮ್ಮ ಎದೆಯ ಮೂಲಕ ಸರಿಯಾಗಿ ವಾಪಸು ಬರುತ್ತದೆ. ಪೆಟ್ಟಿಗೆಯ ತಕ್ಕಡಿ ಅಲುಗುವುದಿಲ್ಲ.

ಮೇನ್ ಆರಿಸಿದರೂ ಉಳಿಯುವ ಕರೆಂಟು

ಹಾಗಾದರೆ ಸ್ವಿಚ್ಚನ್ನು ನಂಬದೆ ಮೇನ್ ಆರಿಸೋಣ. ಇಲ್ಲಿ ಎರಡು ಮಾತು. ಒಂದು, ದೀಪದ ಎಂಸಿಬಿ ಒಂದನ್ನೇ ಕೆಳಗಿಳಿಸಿದರೆ ಸಾಲದು. ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ಛಾವಣಿಯ ಪೆಟ್ಟಿಗೆಯಲ್ಲಿ ಕಪ್ಪು ವೈರುಗಳ ಒಂದು ಗಂಟು ಇದ್ದರೆ ಅದು ಬೇರೆ ಕೋಣೆಗಳ ನ್ಯೂಟ್ರಲ್ ಕೂಡ ಆಗಿರಬಹುದು. ಆ ಗಂಟು ಬಿಚ್ಚಿದಿರಿ, ಪಕ್ಕದ ಕೋಣೆಯ ದೀಪ ಬೇರೆ ಎಂಸಿಬಿಯ ಮೇಲೆ ಉರಿಯುತ್ತಿತ್ತು ಎನ್ನಿ. ಆ ದೀಪ ಆರುತ್ತದೆ. ಆದರೆ ಅದರ ಮೂಲಕ ಫೇಸು ಹಾದು ಬಂದು ನಿಮ್ಮ ಕೈಯಲ್ಲಿರುವ ‘ನ್ಯೂಟ್ರಲ್’ ತುದಿಯಲ್ಲಿ ನಿಲ್ಲುತ್ತದೆ. ಕಪ್ಪು ವೈರು ಎಂದು ಸಲಿಗೆಯಿಂದ ಹಿಡಿದವರಿಗೆ ಶಾಕ್ ಹೊಡೆಯುವುದು ಹೀಗೆ. ಆದ್ದರಿಂದ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ದೊಡ್ಡ ಮೇನ್ ಸ್ವಿಚ್ಚನ್ನೇ ಆರಿಸಬೇಕು. ಮಹಡಿ ಮನೆಗೆ ಬೇರೆ ಮೀಟರ್ ಇದ್ದು, ಮೆಟ್ಟಿಲ ದೀಪ ಯಾರ ಮೀಟರಿನದೋ ತಿಳಿಯದಿದ್ದರೆ ಎರಡೂ ಮನೆಯ ಮೇನ್ ಆರಲಿ. ಬಾಡಿಗೆದಾರರ ಧಾರಾವಾಹಿ ಒಂದು ದಿನ ತಪ್ಪಿದರೆ ಪ್ರಪಂಚ ಮುಳುಗದು.

ಎರಡನೆಯ ಮಾತು ಇನ್ವರ್ಟರ್, ನಮ್ಮ ಕಡೆ ಯುಪಿಎಸ್ ಎಂದೇ ಕರೆಯುವ ಪೆಟ್ಟಿಗೆ. ಲೋಡ್ ಶೆಡ್ಡಿಂಗ್ ನಮಗೆ ಕಲಿಸಿದ ಅಭ್ಯಾಸವಿದು. ಅದಕ್ಕೆ ಸೇರಿಸಿರುವುದು ಯಾವ ಲೈನನ್ನು? ದೀಪ ಮತ್ತು ಫ್ಯಾನಿನದನ್ನೇ. ನೀವು ಮೇನ್ ಆರಿಸಿದ ಕ್ಷಣ ಅದು ‘ಕರೆಂಟು ಹೋಯಿತು’ ಎಂದು ತಿಳಿದು, ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ ಅದೇ ದೀಪದ ಲೈನಿಗೆ ವಿದ್ಯುತ್ ಕಳಿಸುತ್ತದೆ. ಫ್ರಿಜ್ ನಿಂತಿದೆ, ಟಿವಿ ಆರಿದೆ, ಮನೆಯೆಲ್ಲ ತಣ್ಣಗಾದಂತೆ ಕಾಣುತ್ತದೆ. ನೀವು ಕೈಯಿಡಲು ಹೊರಟ ಲೈನು ಮಾತ್ರ ಎಂದಿನಂತೆ ಜೀವಂತ. ‘ಬ್ಯಾಟರಿ ಕರೆಂಟಲ್ವಾ, 12 ವೋಲ್ಟು, ಏನಾಗಲ್ಲ’ ಎಂಬ ಸಮಾಧಾನವೂ ತಪ್ಪು. 12 ವೋಲ್ಟು ಇರುವುದು ಬ್ಯಾಟರಿಯಲ್ಲಿ. ಅದನ್ನು ದೀಪ ಉರಿಯುವ 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾಡುವುದೇ ಆ ಪೆಟ್ಟಿಗೆಯ ಕೆಲಸ.

ಹಾಗೆಂದು ಇನ್ವರ್ಟರಿನ ಮುಂಭಾಗದ ಗುಂಡಿಯನ್ನು ಮಾತ್ರ ಆರಿಸಿ ಮೇನ್ ಬಿಟ್ಟರೂ ಪ್ರಯೋಜನವಿಲ್ಲ. ಬಹುಪಾಲು ಪೆಟ್ಟಿಗೆಗಳಲ್ಲಿ ಆ ಗುಂಡಿ ಬ್ಯಾಟರಿಯ ಕೆಲಸವನ್ನಷ್ಟೇ ನಿಲ್ಲಿಸುತ್ತದೆ. ಹೊರಗಿನ ಕರೆಂಟು ಅದರ ಮೂಲಕ ಹಾದು ದೀಪಕ್ಕೆ ಹೋಗುತ್ತಲೇ ಇರುತ್ತದೆ. ಎರಡೂ ಆರಬೇಕು: ಮೊದಲು ಇನ್ವರ್ಟರ್, ಆಮೇಲೆ ಮೇನ್. ಛಾವಣಿಯ ಮೇಲೆ ಬ್ಯಾಟರಿ ಸಹಿತ ಸೋಲಾರ್ ಇದ್ದರೆ ಅದನ್ನೂ, ಅದನ್ನು ಕೂರಿಸಿದವರು ತೋರಿಸಿಕೊಟ್ಟ ಸ್ವಿಚ್ಚಿನಲ್ಲಿ ಆರಿಸಬೇಕು. ‘ಹೇಗೂ ಕರೆಂಟು ಹೋಗಿದೆ, ಈಗಲೇ ಮಾಡಿ ಮುಗಿಸೋಣ’ ಎನ್ನುವುದಂತೂ ಬೇಡವೇ ಬೇಡ. ಹೋದ ಕರೆಂಟು ನಿಮ್ಮನ್ನು ಕೇಳಿ ಬರುವುದಿಲ್ಲ.

ಮೇನ್ ಆರಿಸಿದ ಮೇಲೆ ಬೋರ್ಡಿನ ಮೇಲೆ ‘ಮೇಲೆ ಕೆಲಸ ನಡೆಯುತ್ತಿದೆ, ಮುಟ್ಟಬೇಡಿ’ ಎಂದು ಬರೆದ ಚೀಟಿ ಅಂಟಿಸಿ, ಹತ್ತಿರ ಒಬ್ಬರನ್ನು ನಿಲ್ಲಿಸಿ. ಹಳೆಯ ಪಿಂಗಾಣಿ ಫ್ಯೂಸಾದರೆ, ಮೇನ್ ಆರಿಸಿದ ಮೇಲೆ ಅದನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಸ್ನಾನಕ್ಕೆ ನೀರು ಕಾಯಿಸಲು ಬಂದ ಮಾವನವರು ‘ಅರೆ, ಯಾರಿದು ಆರಿಸಿದ್ದು’ ಎಂದು ಮೇನ್ ಎತ್ತಿಬಿಡುವುದು ಎಲ್ಲ ಮನೆಗಳಲ್ಲೂ ನಡೆಯಬಹುದಾದ ಸಂಗತಿ.

ಟೆಸ್ಟರಿನ ಸಾಕ್ಷಿ

ಈಗ ಎಲ್ಲ ಆರಿದೆ. ನಿಜವೇ? ಪರೀಕ್ಷೆ ಮಾಡಬೇಕು. ಮನೆಮನೆಯಲ್ಲಿರುವ ಟೆಸ್ಟರ್ ಬಹಳ ಚೆಂದದ ಉಪಕರಣ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ನಿಯಾನ್ ದೀಪ, ಅದರ ಜೊತೆಗೆ ಲಕ್ಷಗಟ್ಟಲೆ ಓಮಿನ ಒಂದು ರೋಧಕ. ತುದಿಯನ್ನು ಫೇಸಿಗೆ ತಾಗಿಸಿ ತಲೆಯ ಮೇಲೆ ಬೆರಳಿಟ್ಟಾಗ ಪ್ರವಾಹ ನಮ್ಮ ಮೈಯನ್ನೇ ಹಾದು ನೆಲ ಸೇರುತ್ತದೆ. ‘ಅಯ್ಯೋ, ನಮ್ಮ ಮೈಯಲ್ಲೂ ಹರಿಯುತ್ತಾ ಸರ್?’ ಹರಿಯುತ್ತದೆ; ಆದರೆ ಆ ರೋಧಕದ ದೆಸೆಯಿಂದ ಒಂದು ಮಿಲಿ ಆಂಪಿಯರಿಗಿಂತ ಬಹಳ ಕಡಿಮೆ, ನಮಗೆ ತಿಳಿಯದಷ್ಟು.

ಈ ಸಾಕ್ಷಿಯ ದೌರ್ಬಲ್ಯವೆಂದರೆ, ಉರಿದರೆ ನಂಬಬಹುದು, ಉರಿಯದಿದ್ದರೆ ನಂಬಲಾಗದು. ಕಿಟಕಿಯ ಬಿಸಿಲಿನಲ್ಲಿ ನಿಯಾನ್ ಬೆಳಕು ಕಾಣದೆ ಹೋಗಬಹುದು. ಒಣ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಮಂಡಲ ಪೂರ್ತಿಯಾಗದೆ ಮಂಕಾಗಬಹುದು. ಸ್ಕ್ರೂಡ್ರೈವರಿನಂತೆ ಬಳಸಿ ಬಳಸಿ ಒಳಗಿನ ದೀಪವೇ ಕೆಟ್ಟಿರಬಹುದು. ಆದ್ದರಿಂದ ಕ್ರಮ ಹೀಗೆ: ಮೇನ್ ಆರಿಸುವ ಮುಂಚೆ, ಕರೆಂಟು ಇದೆಯೆಂದು ಗೊತ್ತಿರುವ ಒಂದು ಪ್ಲಗ್ಗಿನಲ್ಲಿ ಟೆಸ್ಟರ್ ಉರಿಯುವುದನ್ನು ನೋಡಿ. ಆಮೇಲೆ ಇನ್ವರ್ಟರ್, ಮೇನ್ ಎರಡನ್ನೂ ಆರಿಸಿ, ಗೋಡೆಯ ಸ್ವಿಚ್ಚನ್ನು ಮಾತ್ರ ಹಾಕಿಟ್ಟು, ಛಾವಣಿಯ ಒಂದೊಂದು ವೈರನ್ನೂ ಮುಟ್ಟಿಸಿ. ಕೆಂಪನ್ನೂ ಕಪ್ಪನ್ನೂ ಹಸಿರನ್ನೂ. ಸ್ವಿಚ್ಚನ್ನು ಹಾಕಿಡುವುದು ಏಕೆಂದರೆ, ಆರಿಸಿದ್ದರೆ ಟೆಸ್ಟರ್ ಸುಮ್ಮನಿರುವುದು ಮೇನ್ ಆರಿದ್ದಕ್ಕೋ ಸ್ವಿಚ್ ಆರಿದ್ದಕ್ಕೋ ತಿಳಿಯದು. ಬಣ್ಣಗಳನ್ನು ನಂಬುವ ಕಾಲ ಇದಲ್ಲ. ಉಳಿದ ತುಂಡು ವೈರಿನಲ್ಲಿ ಕೆಲಸ ಮುಗಿಸಿ ಹೋದವರ ಮನೆಯಲ್ಲಿ ಮೂರೂ ಹಳದಿ ಇರುವುದುಂಟು. ಕೊನೆಗೆ ಟೆಸ್ಟರ್ ಈಗಲೂ ಸರಿಯಿದೆಯೇ ಎಂದು ಕರೆಂಟು ಇರುವ ಕಡೆ ಮತ್ತೊಮ್ಮೆ ನೋಡಬೇಕು. ಅದಕ್ಕೆ ಪಕ್ಕದ ಮನೆಯ ಪ್ಲಗ್ಗಿಗೇ ಹೋಗಬೇಕಾದೀತು, ಹೋಗಿ ಬನ್ನಿ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರೂ ಜೋಡಿ ಅಳೆದರೆ ಸಂಶಯಕ್ಕೆ ಎಡೆಯಿಲ್ಲ.

ಜೋಡಣೆ

ಉಳಿದದ್ದು ಸುಲಭ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಯಾವ ವೈರು ಎಲ್ಲಿತ್ತು ಎಂದು ತಿಳಿಯಲು. ಮೇಜಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಏರಿಸುವ ಸರ್ಕಸ್ ಬೇಡ. ಸಣ್ಣ ಶಾಕಿಗಿಂತ ಅದರಿಂದ ಬೆಚ್ಚಿ ಬಿದ್ದು ಸೊಂಟ ಮುರಿಯುವುದೇ ಹೆಚ್ಚು ಅಪಾಯ. ಮರದ ಏಣಿ, ಹಿಡಿಯಲು ಒಬ್ಬರು.

ದೀಪದ ಭಾರವನ್ನು ವೈರು ಹೊರಬಾರದು. ಬರಿಯ ಬಲ್ಬಾದರೆ ಸರಿ. ಗಾಜಿನ ಗೊಂಡೆ ದೀಪವನ್ನು ತಾರಸಿಯ ಕೊಕ್ಕೆಗೋ, ಸಿಮೆಂಟಿನಲ್ಲಿ ಪ್ಲಗ್ ಕೂರಿಸಿ ಬಿಗಿದ ಸ್ಕ್ರೂಗೋ ಹಾಕಬೇಕು. ಹೆಂಚಿನ ಮನೆಯಲ್ಲಿ ತೊಲೆಗೆ. ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗಿಗೆ ತೂಕದ ದೀಪ ನೇತು ಹಾಕಿದರೆ ಒಂದು ದಿನ ಹಲಗೆ ಸಹಿತ ಕೆಳಗಿಳಿಯುತ್ತದೆ. ಡ್ರಿಲ್ ಮಾಡುವಾಗ ದೀಪದ ಪೆಟ್ಟಿಗೆಯಿಂದ ಸ್ವಿಚ್ ಬೋರ್ಡಿನ ಕಡೆಗೆ ಹೋಗುವ ದಾರಿಯನ್ನು ಬಿಟ್ಟು ತೂತು ಹಾಕಿ. ಪೈಪು ಬಹುತೇಕ ಅಲ್ಲೇ ಹಾದಿರುತ್ತದೆ.

ವೈರಿನ ಹೊದಿಕೆಯನ್ನು ಏಳೆಂಟು ಮಿಲಿಮೀಟರ್ ಮಾತ್ರ ಸುಲಿಯಿರಿ. ಎಳೆಗಳು ಕತ್ತರಿಸಿ ಹೋಗದಂತೆ ನೋಡಿ, ಒಟ್ಟಿಗೆ ಹೊಸೆದು, ಕನೆಕ್ಟರಿನೊಳಗೆ ತೂರಿಸಿ ಸ್ಕ್ರೂ ಬಿಗಿಯಿರಿ. ಆಮೇಲೆ ಒಮ್ಮೆ ಎಳೆದು ನೋಡಿ, ಬರಬಾರದು. ಹೊರಗೆ ತಾಮ್ರ ಕಾಣಬಾರದು, ಸ್ಕ್ರೂವಿನ ಕೆಳಗೆ ಹೊದಿಕೆ ಸಿಕ್ಕಿರಬಾರದು. ಹೊಸೆದು ಟೇಪು ಸುತ್ತುವುದು ನಮ್ಮ ರಾಷ್ಟ್ರೀಯ ಅಭ್ಯಾಸ. ಆದರೆ ಛಾವಣಿಯ ಸೆಕೆಗೆ ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಜಾರಿ ಬಿಚ್ಚಿಕೊಳ್ಳುತ್ತದೆ. ಕನೆಕ್ಟರಿನ ಬೆಲೆ ಒಂದು ಕಾಫಿಯ ಬೆಲೆಗಿಂತ ಹೆಚ್ಚಿಲ್ಲ.

ನಮ್ಮ ಕಾಲದ ಪಿನ್ನಿನ ಹೋಲ್ಡರಿನಲ್ಲಿ ಫೇಸ್ ಯಾವ ಕಡೆಗಿದ್ದರೂ ನಡೆಯುತ್ತಿತ್ತು. ಎರಡು ಪಿನ್ನೂ ಒಳಗೇ ಅಡಗಿರುತ್ತವೆ. ಈಗ ಅಂಗಡಿಗಳಲ್ಲಿ ಸಿಗುವ ಅಲಂಕಾರದ ದೀಪಗಳಲ್ಲಿ ಹೆಚ್ಚಿನವಕ್ಕೆ ತಿರುಪಿನ ಹೋಲ್ಡರ್. ಅದರಲ್ಲಿ ಫೇಸ್ ಬರಬೇಕಾದದ್ದು ತಳದ ನಡುವಿನ ಗುಂಡಿಗೆ, ನ್ಯೂಟ್ರಲ್ ಸುತ್ತಲಿನ ಮರೆಗೆ. ಅದಲು ಬದಲಾದರೆ ಬಲ್ಬು ತಿರುಗಿಸುವಾಗ ಬೆರಳಿಗೆ ಸಿಗುವ ಸುತ್ತಿನ ಲೋಹವೇ ಫೇಸಾಗುತ್ತದೆ. ಫೇಸ್ ಯಾವುದೆಂದು ಖಚಿತವಿಲ್ಲದಿದ್ದರೆ ಊಹಿಸುವುದು ಬೇಡ, ವೈರ್‌ಮನ್ನನಿಂದ ಗುರುತು ಮಾಡಿಸಿ.

ಲೋಹದ ಮೈಯ ದೀಪಕ್ಕೆ ಹಸಿರು ವೈರು, ಅಂದರೆ ಅರ್ತ್, ಬೇಕೇ ಬೇಕು. ಒಳಗಿನ ಫೇಸ್ ಎಂದಾದರೂ ಲೋಹಕ್ಕೆ ತಗುಲಿದರೆ ಪ್ರವಾಹ ಅರ್ತ್ ಮೂಲಕ ಹರಿದು ಎಂಸಿಬಿಯನ್ನು ಬೀಳಿಸುತ್ತದೆ, ನಿಮಗಾಗಿ ಕಾಯುವುದಿಲ್ಲ. ಬಹಳ ಮನೆಗಳಲ್ಲಿ ದೀಪದ ಪಾಯಿಂಟಿಗೆ ಅರ್ತ್ ಎಳೆದೇ ಇರುವುದಿಲ್ಲ. ಆಗ ಲೋಹದ ದೀಪವನ್ನು ಅಂಗಡಿಗೆ ವಾಪಸು ಮಾಡಿ, ಒಂದರೊಳಗೊಂದು ಎರಡು ಚೌಕದ ಗುರುತಿರುವ ದೀಪ ತನ್ನಿ. ಆ ಗುರುತಿನ ಅರ್ಥ ಎರಡು ಪದರದ ರಕ್ಷಣೆ ಇದೆ, ಅರ್ತ್ ಬೇಡ ಎಂದು. ‘ಅರ್ತ್ ಇಲ್ಲದಿದ್ದರೇನು, ನ್ಯೂಟ್ರಲ್ಲನ್ನೇ ಬಾಡಿಗೆ ಸೇರಿಸೋಣ’ ಎನ್ನುವ ಪಂಡಿತರೂ ಇದ್ದಾರೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ತುಂಡಾದ ದಿನ ಆ ದೀಪದ ಇಡೀ ಮೈ 230 ವೋಲ್ಟಾಗುತ್ತದೆ. ಅಂಥವರನ್ನು ಏಣಿ ಹತ್ತಲು ಬಿಡಬೇಡಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಏನು ಮಾಡಬೇಕೆಂಬುದು ಮನೆಯ ಎಲ್ಲರಿಗೂ ಮೊದಲೇ ತಿಳಿದಿರಲಿ. ಅವರನ್ನು ಮುಟ್ಟಬಾರದು, ಮೇನ್ ಆರಿಸಬೇಕು. ಆರಿಸಲಾಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ದೂಡಬೇಕು. 108ಕ್ಕೆ ಫೋನ್ ಮಾಡಬೇಕು. ಉಸಿರಾಟ ನಿಂತಿದ್ದರೆ ತಕ್ಷಣ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಾ, ಸಹಾಯ ಬರುವವರೆಗೆ ನಿಲ್ಲಿಸದೆ ಇರಬೇಕು.

ದೀಪ ಕೂರಿಸಿ, ಮುಚ್ಚಳ ಬಿಗಿದು, ಏಣಿ ತೆಗೆದ ಮೇಲೆ, ಗೋಡೆಯ ಸ್ವಿಚ್ಚನ್ನು ಆರಿಸಿ ಮೇನ್ ಹಾಕಿ, ಆಮೇಲೆ ಇನ್ವರ್ಟರ್. ಈಗ ಸ್ವಿಚ್ ಒತ್ತಿ. ಎಂಸಿಬಿ ಟಪ್ಪೆಂದು ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ಎಲ್ಲೋ ಎರಡು ವೈರು ಮುತ್ತಿಟ್ಟಿವೆ. ಎಲ್ಲವನ್ನೂ ಮತ್ತೆ ಆರಿಸಿ, ಮತ್ತೆ ಪರೀಕ್ಷಿಸಿ, ಮತ್ತೆ ಹತ್ತಿ. ಆರ್‌ಸಿಸಿಬಿ ಬಿದ್ದರೆ ಎಲ್ಲೋ ಸೋರಿಕೆ ಇದೆ, ಅದು ವೈರ್‌ಮನ್ನನಿಗೆ.

ಹೇಗೂ ಏಣಿ ಹೊರಗಿದೆ, ಮನೆಯವರೆಲ್ಲ ಸೇರಿದ್ದಾರೆ, ಇನ್ನೊಂದು ಕೆಲಸ ಮುಗಿಸಿಬಿಡಿ. ಒಬ್ಬರು ಮೇನ್ ಬೋರ್ಡಿನ ಬಳಿ ನಿಂತು ಇನ್ವರ್ಟರ್ ಆರಿಸಿ, ಎಂಸಿಬಿಗಳನ್ನು ಒಂದೊಂದಾಗಿ ಕೆಳಗಿಳಿಸಲಿ. ಮಕ್ಕಳು ಕೋಣೆ ಕೋಣೆಗೆ ಓಡಿ ‘ಅಡುಗೆಮನೆ ಹೋಯ್ತು’, ‘ಅಜ್ಜನ ರೂಮು ಇದೆ’ ಎಂದು ಕೂಗಲಿ. ಯಾವ ಎಂಸಿಬಿ ಯಾವ ಕೋಣೆಯದು ಎಂದು ಒಂದು ಹಾಳೆಯಲ್ಲಿ ಅಂದವಾದ ಅಕ್ಷರದಲ್ಲಿ ಬರೆದು, ಇನ್ವರ್ಟರ್ ಮೇಲಿರುವ ಲೈನುಗಳಿಗೆ ಕೆಂಪು ಶಾಯಿಯ ಗುರುತು ಹಾಕಿ, ಬೋರ್ಡಿನ ಮುಚ್ಚಳದ ಒಳಬದಿಗೆ ಅಂಟಿಸಿ. ಅರ್ಧ ಗಂಟೆಯ ಕೆಲಸ.